ಒಪ್ಪಿಕೊಂಡ ದಿನದಿಂದ ಮೊದಲ ಶೋ ತನಕ: ಬೇಸ್ ಗಿಟಾರ್ ಹಿಡಿದು ಹದಿಮೂರು ವಾರ

ಕಳೆದ ಶನಿವಾರ ರಾತ್ರಿ ಮೊದಲ ಸಲ ವೇದಿಕೆ ಮೇಲೆ ಬೇಸ್ ಗಿಟಾರ್ ನುಡಿಸಿದೆ. ಹದಿನಾಲ್ಕು ಹಾಡು, ಎಪ್ಪತ್ತು ನಿಮಿಷ. ಬಲಗೈ ಬೆರಳ ತುದಿ ಇನ್ನೂ ಚುರುಗುಡುತ್ತಿದೆ. ಒಪ್ಪಿಕೊಂಡ ದಿನದಿಂದ ಆ ರಾತ್ರಿಗೆ ಸರಿಯಾಗಿ ಹದಿಮೂರು ವಾರ. ಅಷ್ಟರಲ್ಲಿ ಗೊತ್ತಿಲ್ಲದೆ ಒದ್ದಾಡಿದ್ದು ಬಹಳ, ಯಾರಾದರೂ ಮೊದಲೇ ಒಂದು ಮಾತು ಹೇಳಿದ್ದರೆ ಅದರಲ್ಲಿ ಅರ್ಧ ತಪ್ಪುತ್ತಿತ್ತು. ನೆನಪು ಹಸಿಯಾಗಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. ನೀವೂ ಮನೆಯಲ್ಲಿ ಒಬ್ಬರೇ ನುಡಿಸುತ್ತಾ, ಎಂದಾದರೂ ಬ್ಯಾಂಡ್ ಜೊತೆ ನಿಲ್ಲಬೇಕು ಅಂದುಕೊಂಡಿದ್ದರೆ ಇದು ನಿಮಗಾಗಿ.

ಎರಡು ವರ್ಷದಿಂದ ನಾನು ಹೆಡ್‌ಫೋನ್ ಹಾಕಿಕೊಂಡು, ಹಾಡು ಹಾಕಿ, ಅದರ ಜೊತೆ ನುಡಿಸುತ್ತಿದ್ದೆ. ಕೆಲಸದಿಂದ ಬಂದ ಮೇಲೆ ದಿನಕ್ಕೆ ನಲವತ್ತು ನಿಮಿಷ, ರಜೆ ಇದ್ದರೆ ಇನ್ನೂ ಜಾಸ್ತಿ. ಒಂದು ದಿನ ಡ್ರಮ್ಸ್ ನುಡಿಸುವ ಗೆಳೆಯ ಫೋನ್ ಮಾಡಿದ. "ನಮ್ಮ ಬೇಸ್ ನುಡಿಸೋನು ಬಿಟ್ಟು ಹೋದ. ಮೂರು ತಿಂಗಳಿಗೆ ಶೋ ಇದೆ. ಬರ್ತೀಯಾ?" ಅಂದ. ಹೂಂ ಅಂದೆ. ಫೋನ್ ಇಟ್ಟ ಮೇಲೆ ಖುಷಿಗಿಂತ ಹೆದರಿಕೆಯೇ ಜಾಸ್ತಿ ಇತ್ತು.

ಮೊದಲ ಅಡ್ಡಿ ವಾದ್ಯದ್ದೇ. ನನ್ನದು ಸೆಕೆಂಡ್ ಹ್ಯಾಂಡ್ ಬೇಸ್, ನಾಲ್ಕು ತಂತಿ (ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ), ಜಾಝ್ ಬೇಸ್ ಮಾದರಿಯದು. ತಂತಿಯ ಕಂಪನವನ್ನು ಹಿಡಿಯುವ ಎರಡು ಪಿಕಪ್, ಅದರ ಸಿಗ್ನಲ್ ಏರಿಸಲು ಒಳಗೆ 9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಪ್ರಿಆಂಪ್. ಮನೆಯಲ್ಲಿ ಮೆಲ್ಲಗೆ ಮೀಟುವಾಗ ಏನೂ ಗೊತ್ತಾಗುತ್ತಿರಲಿಲ್ಲ. ಶೋ ಇದೆ ಅಂತ ಸ್ವಲ್ಪ ಜೋರಾಗಿ ಮೀಟಿ ನೋಡಿದರೆ, ದಪ್ಪ ಇ ತಂತಿ ಮೊದಲ ನಾಲ್ಕು ಫ್ರೆಟ್‌ನಲ್ಲಿ (ಎಡಗೈ ಹಿಡಿಯುವ ಉದ್ದನೆ ನೆಕ್ ಮೇಲಿನ ಲೋಹದ ಅಡ್ಡಗೆರೆಗಳು) ಜರ್ ಅಂತ ಸದ್ದು ಮಾಡುತ್ತಿತ್ತು. ಸೆಟಪ್, ಅಂದರೆ ನೆಕ್ ಮತ್ತು ತಂತಿಯ ಎತ್ತರ ಹದ ಮಾಡುವವರೊಬ್ಬರ ಹತ್ತಿರ ಕೊಟ್ಟೆ. ಎರಡು ದಿನ ಅಂದರು, ಹನ್ನೆರಡು ದಿನ ಆಯಿತು. ಹದಿಮೂರು ವಾರದಲ್ಲಿ ಸುಮಾರು ಎರಡು ವಾರ ಕೈಯಲ್ಲಿ ವಾದ್ಯವೇ ಇಲ್ಲ. ಸೋಫಾ ಮೇಲೆ ಕೂತು, ಹಾಡು ಕೇಳುತ್ತಾ, ತೊಡೆ ಮೇಲೆ ಬೆರಳು ಆಡಿಸುತ್ತಿದ್ದೆ. ವಾಪಸ್ ಬಂದಾಗ ಜರ್ ಸದ್ದು ಹೋಗಿತ್ತು. ಆಮೇಲೆ ನಾನು ಬೇರೆ ದಪ್ಪದ ಹೊಸ ತಂತಿ ಹಾಕಿದೆ, ಸದ್ದು ಮತ್ತೆ ಬಂತು. ತಂತಿಯ ದಪ್ಪ ಬದಲಾದರೆ ಅದು ನೆಕ್ ಅನ್ನು ಎಳೆಯುವ ಬಲವೂ ಬದಲಾಗುತ್ತದೆ, ಮಾಡಿಸಿದ ಸೆಟಪ್ ಅಲ್ಲಿಗೆ ಕೆಟ್ಟ ಹಾಗೇ. ಶೋಗೆ ಯಾವ ತಂತಿ ಹಾಕುತ್ತೀರೋ ಅದನ್ನೇ ಹಾಕಿ ಆಮೇಲೆ ಸೆಟಪ್‌ಗೆ ಕೊಡಿ. ಕೊಡುವ ಮೊದಲು ಸೀರಿಯಲ್ ನಂಬರ್ ಫೋಟೋ ತೆಗೆದಿಟ್ಟುಕೊಳ್ಳಿ. ವಾಪಸ್ ಕೊಡುವ ದಿನಾಂಕವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನಾನು ಎರಡನ್ನೂ ಮಾಡಿರಲಿಲ್ಲ, ಹಾಗಾಗಿ ಎಂಟನೇ ದಿನ ಫೋನ್ ಮಾಡಿ ಕೇಳುವಾಗ ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಎರಡನೇ ಸಲ ಕೊಡುವಷ್ಟು ದಿನ ಇರಲಿಲ್ಲ. ನಾನೇ ಕಲಿತೆ. ಹೆದರಿದಷ್ಟು ಕಷ್ಟ ಇಲ್ಲ. ಮೊದಲು ಶ್ರುತಿ ಮಾಡಿಕೊಳ್ಳಿ. ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಕೇಪೋ (ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಒತ್ತಿಡಿ, ನೆಕ್ ಹೋಗಿ ವಾದ್ಯದ ಒಡಲಿಗೆ ಸೇರುವ ಕಡೆ ಇರುವ ಫ್ರೆಟ್‌ನಲ್ಲಿ ಬೆರಳಿಂದ ಒತ್ತಿ. ಈಗ ಏಳನೇ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಸಂದು ಇದೆ ನೋಡಿ. ಸುಮಾರು 0.3 ಮಿಲಿಮೀಟರ್ ಇದ್ದರೆ ಸಾಕು. ನನ್ನದರಲ್ಲಿ ಸಂದೇ ಇರಲಿಲ್ಲ, ನೆಕ್ ನೆಟ್ಟಗೆ ನಿಂತುಬಿಟ್ಟಿತ್ತು, ಅದಕ್ಕೇ ಮೊದಲ ಫ್ರೆಟ್‌ಗಳಲ್ಲಿ ಆ ಸದ್ದು. ನೆಕ್ ಒಳಗೆ ಅದರ ಬಾಗು ಹದ ಮಾಡುವ ಸರಳು ಇರುತ್ತದೆ, ಟ್ರಸ್ ರಾಡ್, ಅದನ್ನು ಸ್ವಲ್ಪ ಸಡಿಲ ಮಾಡಿದೆ. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಬೇಡಿ, ತಿರುಗಿಸಿ ಒಂದು ರಾತ್ರಿ ಬಿಡಿ, ಬೆಳಗ್ಗೆ ಮತ್ತೆ ಶ್ರುತಿ ಮಾಡಿ ನೋಡಿ, ಮರ ಅದರ ಪಾಡಿಗೆ ಕೂರಲು ಸಮಯ ತಗೊಳ್ಳುತ್ತದೆ. ಗಟ್ಟಿ ಅನಿಸಿದರೆ ಬಲ ಹಾಕಬೇಡಿ, ಗೊತ್ತಿರುವವರ ಹತ್ತಿರ ಹೋಗಿ. ಆಮೇಲೆ ತಂತಿಯ ಎತ್ತರ. ಹದಿನೇಳನೇ ಫ್ರೆಟ್ ಮೇಲೆ ಇ ತಂತಿ 2.4, ಜಿ ತಂತಿ 2 ಮಿಲಿಮೀಟರ್ ಇಟ್ಟೆ. ಕೊನೆಗೆ ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿ ಮೀಟಿದ ಸ್ವರವೂ, ಅದೇ ಜಾಗದಲ್ಲಿ ಸುಮ್ನೆ ಮುಟ್ಟಿ ಮೀಟಿದ ಹಾರ್ಮೋನಿಕ್ಕೂ ಟ್ಯೂನರ್‌ನಲ್ಲಿ ಒಂದೇ ತೋರಿಸಬೇಕು. ಒತ್ತಿದ ಸ್ವರ ಮೇಲಿದ್ದರೆ ತಂತಿಯ ಬುಡದ ಬ್ರಿಡ್ಜ್‌ನಲ್ಲಿ ತಂತಿ ಕೂರುವ ತುಂಡು, ಅಂದರೆ ಸ್ಯಾಡಲ್, ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಇಷ್ಟು ಮಾಡಲು ಒಂದು ಭಾನುವಾರ ಹಿಡಿಯಿತು. ವಾದ್ಯದ ಬಗ್ಗೆ ನನಗಿದ್ದ ಹೆದರಿಕೆ ಅವತ್ತು ಹೋಯಿತು.

ಒಂದು ವಿಷಯ ಮಾತ್ರ ಸೆಟಪ್‌ನಿಂದ ಸರಿಹೋಗಲಿಲ್ಲ. ಜಿ ತಂತಿಯ ಆರನೇ ಫ್ರೆಟ್‌ನಲ್ಲಿ ಸ್ವರ ಹುಟ್ಟಿದ ಹಾಗೇ ಸಾಯುತ್ತಿತ್ತು. ಅದಕ್ಕೆ ಡೆಡ್ ಸ್ಪಾಟ್ ಅನ್ನುತ್ತಾರೆ. ಆ ಸ್ವರದ ಕಂಪನಕ್ಕೆ ನೆಕ್ ತಾನೂ ಅಲುಗಿ ತಂತಿಯ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಬೋಲ್ಟ್ ಹಾಕಿ ನೆಕ್ ಕೂರಿಸಿದ ಎಷ್ಟೋ ಬೇಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೇ ಫ್ರೆಟ್ ನಡುವೆ ಇದು ಇದ್ದೇ ಇರುತ್ತದೆ. ವಾದ್ಯ ಹಾಳಾಗಿದೆ ಅಂತ ಕಂಗಾಲಾಗಬೇಡಿ. ಅದೇ ಸ್ವರವನ್ನು ಡಿ ತಂತಿಯ ಹನ್ನೊಂದನೇ ಫ್ರೆಟ್‌ನಲ್ಲಿ ನುಡಿಸಿದರೆ ಆಯಿತು.

ಮೂರನೇ ವಾರ ಮೊದಲ ರಿಹರ್ಸಲ್. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಉಳಿದ ಹತ್ತು ವಾರ ನಾನು ಮಾಡಿದ್ದೆಲ್ಲ ಅವತ್ತು ಕೇಳಿದ್ದರ ಫಲ.

ಮನೆಯಲ್ಲಿ ನನ್ನ ಸೌಂಡ್ ನನಗೆ ಬಹಳ ಇಷ್ಟ. ಬೇಸ್ ನಾಬ್ (ತಗ್ಗು ಸದ್ದಿನದು) ಪೂರ್ತಿ ಮೇಲೆ, ಟ್ರೆಬಲ್ (ಏರು ಸದ್ದಿನದು) ಮೇಲೆ, ಮಿಡ್ (ನಡುವಿನದು) ಕೆಳಗೆ. ದುಂಡಗೆ, ತುಂಬಿಕೊಂಡು ಕೇಳುತ್ತಿತ್ತು. ಅದೇ ಸೆಟ್ಟಿಂಗ್‌ನಲ್ಲಿ ರಿಹರ್ಸಲ್ ರೂಮಿನ ಆಂಪ್‌ಗೆ (ಸದ್ದು ದೊಡ್ಡದು ಮಾಡುವ ಪೆಟ್ಟಿಗೆ) ಹಾಕಿ, ಡ್ರಮ್ಸ್ ಎರಡು ಗಿಟಾರ್ ಜೊತೆ ನುಡಿಸಿದರೆ ನನ್ನ ಬೇಸ್ ಎಲ್ಲಿ ಹೋಯಿತು ಅಂತಲೇ ಗೊತ್ತಾಗಲಿಲ್ಲ. ಗೋಡೆ ಗುಂಯ್‌ಗುಡುತ್ತಿದೆ, ಸ್ವರ ಮಾತ್ರ ಇಲ್ಲ. ವಾಲ್ಯೂಮ್ ಏರಿಸಿದೆ. ಗುಂಯ್ ಜಾಸ್ತಿ ಆಯಿತು, ಸ್ವರ ಬರಲಿಲ್ಲ. ಗಿಟಾರ್‌ನವರು ಅವರದ್ದು ಏರಿಸಿದರು. ಹದಿನೈದು ನಿಮಿಷದಲ್ಲಿ ಯಾರಿಗೂ ಏನೂ ಕೇಳದ ಹಾಗಾಯಿತು.

ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಸದ್ದು ಕಡಿಮೆ ಇರುವಾಗ ನಮ್ಮ ಕಿವಿಗೆ ತಗ್ಗು ಸ್ವರ ಸರಿಯಾಗಿ ಕೇಳುವುದಿಲ್ಲ, ಸದ್ದು ಏರಿದ ಹಾಗೆ ಅದು ಜಾಸ್ತಿ ಕೇಳಲು ಶುರುವಾಗುತ್ತದೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದಾರೆ. ಮನೆಯಲ್ಲಿ ಮೆಲ್ಲಗೆ ನುಡಿಸುವಾಗ ಕೊರತೆ ತುಂಬಲು ಏರಿಸಿದ ಬೇಸ್ ನಾಬ್, ರೂಮಿನಲ್ಲಿ ಜೋರು ಮಾಡಿದಾಗ ಕೆಸರಾಗಿಬಿಡುತ್ತದೆ. ಇನ್ನೊಂದು ಮಾತು. ಬಿಡಿ (ಎಲ್ಲೂ ಒತ್ತದ) ಇ ತಂತಿಯ ಮೂಲ ಕಂಪನ 41 ಹರ್ಟ್ಸ್, ಎ 55, ಡಿ 73, ಜಿ 98. ಆದರೆ ಇದು ಯಾವ ಸ್ವರ ಅಂತ ಕಿವಿ ಗುರುತು ಹಿಡಿಯುವುದು ಬಹಳ ಮಟ್ಟಿಗೆ ಅದರ ಮೇಲಿನ ಹಾರ್ಮೋನಿಕ್‌ಗಳಿಂದ, ಅಂದರೆ ಮೂಲದ ಎರಡರಷ್ಟು ಮೂರರಷ್ಟು ವೇಗದ ಕಂಪನಗಳಿಂದ. ಅವು ಇರುವುದೇ ನಾನು ಕೆಳಗಿಳಿಸಿದ್ದ ಮಿಡ್‌ನಲ್ಲಿ. ಮುಂದಿನ ವಾರ ಬೇಸ್ ನಾಬ್ ನಡುವಿಗೆ ತಂದು, 400ರಿಂದ 800 ಹರ್ಟ್ಸ್ ಆಸುಪಾಸು ಸ್ವಲ್ಪ ಏರಿಸಿದೆ. ಒಬ್ಬನೇ ಕೇಳಿದರೆ ಗೊಗ್ಗರು, ಚೂರೂ ಚಂದ ಇಲ್ಲ. ಎಲ್ಲರ ಜೊತೆ ನುಡಿಸಿದರೆ ಪ್ರತಿ ಸ್ವರ ಬಿಡಿಬಿಡಿಯಾಗಿ ನಿಲ್ಲುತ್ತದೆ. ಒಬ್ಬರೇ ಇರುವಾಗ ಚಂದ ಕೇಳುವ ಸೌಂಡ್ ಹುಡುಕುವುದನ್ನು ಬಿಟ್ಟುಬಿಡಿ. ಜೊತೆಗೆ ನುಡಿಸಿಯೇ ನಾಬ್ ಮುಟ್ಟಿ.

ಮತ್ತೆ ಆ ಮೊದಲ ರಿಹರ್ಸಲ್‌ಗೆ ಬರುತ್ತೇನೆ, ಅವತ್ತು ಸರಿಯಿಲ್ಲದ್ದು ಸೌಂಡ್ ಒಂದೇ ಅಲ್ಲ. ಮೊದಲ ಹಾಡು ಮುಗಿದ ಮೇಲೆ ಡ್ರಮ್ಸ್ ಗೆಳೆಯ ಕೋಲು ಕೆಳಗಿಟ್ಟು ಕೇಳಿದ, "ಶುರು ಮಾಡೋದು ಸರಿಯಾಗೇ ಮಾಡ್ತೀಯ. ನಿಲ್ಲಿಸೋದು ಯಾವಾಗ?"

ಅರ್ಥ ಆಗಲಿಲ್ಲ. ಅವನು ಫೋನ್‌ನಲ್ಲಿ ಮಾಡಿದ್ದ ರೆಕಾರ್ಡಿಂಗ್ ಹಾಕಿದ. ಕೇಳಿದೆ. ನಾನು ಪ್ರತಿ ಸ್ವರವನ್ನೂ ಮುಂದಿನ ಸ್ವರ ಬರುವ ತನಕ ಎಳೆಯುತ್ತಿದ್ದೆ. ಎರಡು ಸ್ವರದ ನಡುವೆ ಉಸಿರೇ ಇಲ್ಲ. ಸ್ನೇರ್ (ಚಟ್ ಅನ್ನುವ ಡ್ರಮ್) ಹೊಡೆತ ಬೀಳುವ ಕಡೆಯೆಲ್ಲ ನನ್ನ ಸ್ವರದ ಬಾಲ ಬಿದ್ದುಕೊಂಡಿತ್ತು. ಸಾಲದ್ದಕ್ಕೆ ಮೀಟದ ತಂತಿಗಳೂ ತಾವಾಗಿ ಮಿಡಿಯುತ್ತಿದ್ದವು. ಎರಡು ವರ್ಷ ಹೆಡ್‌ಫೋನ್‌ನಲ್ಲಿ ನುಡಿಸಿದ ನನಗೆ ಇದು ಒಂದು ದಿನವೂ ಕೇಳಿರಲಿಲ್ಲ, ಮೂಲ ಹಾಡಿನ ಬೇಸ್ ನನ್ನದನ್ನು ಮುಚ್ಚಿಬಿಡುತ್ತಿತ್ತು ಅಲ್ವಾ. ಅವತ್ತು ಮನೆಗೆ ಬಂದು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಬಿಟ್ಟುಬಿಡಲೇ ಅನ್ನುವ ಯೋಚನೆಯೂ ಬಂತು.

ಆಮೇಲೆ ಮಾಡಿದ್ದು ಇಷ್ಟು. ಲಯಕ್ಕೆ ಕ್ಲಿಕ್ ಕೊಡುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60ಕ್ಕೆ ಇಟ್ಟೆ. ಒಂದೇ ಸ್ವರ. ಕ್ಲಿಕ್‌ಗೆ ಮೀಟುವುದು, ಮುಂದಿನ ಕ್ಲಿಕ್‌ಗೆ ಸರಿಯಾಗಿ ನಿಲ್ಲಿಸುವುದು. ಆಮೇಲೆ ಅರ್ಧ ಕ್ಲಿಕ್‌ಗೆ ನಿಲ್ಲಿಸುವುದು. ಕೇಳಲು ಸುಲಭ, ಮಾಡಿ ನೋಡಿ, ಶುರು ಮಾಡುವುದಕ್ಕಿಂತ ನಿಲ್ಲಿಸುವುದೇ ಕಷ್ಟ. ನಿಲ್ಲಿಸಲು ಎಡಗೈ ಬೆರಳನ್ನು ಪೂರ್ತಿ ಎತ್ತಬಾರದು, ಒತ್ತಡ ಮಾತ್ರ ಬಿಡಬೇಕು, ಬೆರಳು ತಂತಿ ಮೇಲೇ ಇರಬೇಕು. ಪೂರ್ತಿ ಎತ್ತಿದರೆ ಬಿಡಿ ತಂತಿ ನುಡಿದುಬಿಡುತ್ತದೆ. ಉಳಿದ ತಂತಿಗಳನ್ನು ಸುಮ್ಮನಿರಿಸಲು ಬಲಗೈ ಹೆಬ್ಬೆರಳು ಒಂದೇ ಕಡೆ ಊರಿಕೊಂಡಿರದೆ ತಂತಿಯಿಂದ ತಂತಿಗೆ ಜಾರಬೇಕು. ಎ ಮೀಟುವಾಗ ಇ ಮೇಲೆ, ಡಿ ಮೀಟುವಾಗ ಎ ಮೇಲೆ ಕೂತು ಇ ಗೆ ಒರಗಿಕೊಂಡು. ಮೊದಲೆಲ್ಲ ನನ್ನ ಹೆಬ್ಬೆರಳು ಪಿಕಪ್ ಮೇಲೇ ಗಟ್ಟಿಯಾಗಿ ಕೂತಿರುತ್ತಿತ್ತು. ಅದನ್ನು ಅಲ್ಲಿಂದ ಎಬ್ಬಿಸಲು ನಾಲ್ಕು ವಾರ ಬೇಕಾಯಿತು. ಕ್ಲಿಕ್ ಅಭ್ಯಾಸ ಆದ ಮೇಲೆ ವೇಗವನ್ನು ಅರ್ಧಕ್ಕೆ ಇಳಿಸಿ, ಆ ಕ್ಲಿಕ್ ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಬೀಳುತ್ತಿದೆ ಅಂದುಕೊಂಡು ನುಡಿಸಿ. ಒಂದನೇ, ಮೂರನೇ ಎಣಿಕೆ ನೀವೇ ಹಿಡಿಯಬೇಕು. ಲಯ ಎಲ್ಲಿ ಜಾರುತ್ತದೆ ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ತಂತಿಯ ಸದ್ದನ್ನೂ ಇದೇ ಕಾರಣಕ್ಕೆ ಬದಲಾಯಿಸಿದೆ. ನಾನು ಹಾಕಿದ್ದು ಹೊಳಪು ಸದ್ದಿನ ರೌಂಡ್‌ವೌಂಡ್ (ದುಂಡು ಸರಿಗೆ ಸುತ್ತಿದ್ದು), ಬಹಳ ಹೊತ್ತು ನುಡಿಯುತ್ತಿತ್ತು. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಎಷ್ಟೋ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಫ್ಲಾಟ್‌ವೌಂಡ್ (ಚಪ್ಪಟೆ ಸರಿಗೆ ಸುತ್ತಿದ) ತಂತಿ ಹಾಕುತ್ತಿದ್ದರು, ಹಳೇ ತಂತಿ ಬದಲಾಯಿಸುತ್ತಲೇ ಇರಲಿಲ್ಲ, ಬಲಗೈಯ ತೋರುಬೆರಳು ಒಂದರಲ್ಲೇ ಮೀಟುತ್ತಿದ್ದರು. ಅವರು ನುಡಿಸುತ್ತಿದ್ದ ಪ್ರಿಸಿಷನ್ ಮಾದರಿಯ, ಆ ಕಾಲದ ಬೇಸ್‌ಗಳಲ್ಲಿ ಬ್ರಿಡ್ಜ್ ಮುಚ್ಚಳದ ಒಳಗೆ ತಂತಿಗೆ ತಾಗುವ ಹಾಗೆ ಫೋಮ್ ತುಂಡು ಬರುತ್ತಿತ್ತು. ಅದರಿಂದ ಸ್ವರ ದಪ್ಪಗೆ ಬಂದು ಬೇಗ ಇಂಗುತ್ತದೆ. ಇದನ್ನು ಓದಿ ನಾನೂ ಪ್ಯಾಕಿಂಗ್‌ನಲ್ಲಿ ಬಂದಿದ್ದ ಸ್ಪಂಜಿನ ತುಂಡು ಕತ್ತರಿಸಿ ಬ್ರಿಡ್ಜ್ ಪಕ್ಕ ತಂತಿಯ ಕೆಳಗೆ ತುರುಕಿದೆ. ಒಂದು ಪೈಸೆ ಖರ್ಚಿಲ್ಲ. ನಿಧಾನದ ಐದು ಹಾಡಿಗೆ ಅದೇ ಸೌಂಡ್ ಸರಿ ಅಂತ ಎಲ್ಲರೂ ಒಪ್ಪಿದರು. ಅದಕ್ಕೂ ಮುಂಚೆ ನಾನು ಕಾಲಲ್ಲಿ ತುಳಿದು ಸದ್ದು ಬದಲಾಯಿಸುವ ಒಂದು ಕಂಪ್ರೆಸರ್ ಪೆಡಲ್, ಒಂದು ಡಿಸ್ಟಾರ್ಷನ್ ಪೆಡಲ್ ಕೊಂಡಿದ್ದೆ. ಶೋದಲ್ಲಿ ಎರಡನ್ನೂ ಮುಟ್ಟಲಿಲ್ಲ. ಆ ದುಡ್ಡಲ್ಲಿ ಒಳ್ಳೆಯ ಕೇಬಲ್ ಎರಡು, ಬೇಸ್ ಭುಜಕ್ಕೆ ತೂಗುಹಾಕುವ ಅಗಲದ ಪಟ್ಟಿ ಒಂದು ಬರುತ್ತಿತ್ತು. ನನ್ನನ್ನು ಕೇಳಿದರೆ ದುಡ್ಡು ಖರ್ಚು ಮಾಡಬೇಕಾದ ಕ್ರಮ ಹೀಗೆ: ಸೆಟಪ್, ತಂತಿ, ಪಟ್ಟಿ, ಪೆಡಲ್ ಟ್ಯೂನರ್, ಕೇಬಲ್, ಇಯರ್‌ಪ್ಲಗ್, ಆಮೇಲೆ ಡಿಐ ಬಾಕ್ಸ್ (ಬೇಸ್‌ನ ಸದ್ದನ್ನು ನೇರ ಹಾಲಿನ ಸೌಂಡ್ ಸಿಸ್ಟಮ್‌ಗೆ ಕಳಿಸುವ ಡಬ್ಬಿ). ಉಳಿದದ್ದೆಲ್ಲ ನಾಲ್ಕೈದು ಶೋ ಆದ ಮೇಲೆ.

ಆರನೇ ವಾರ ಎಡಗೈ ಮಣಿಕಟ್ಟು ನೋಯಲು ಶುರುವಾಯಿತು. ಮನೆಯಲ್ಲಿ ಕೂತು ನುಡಿಸುತ್ತಿದ್ದವನು ನಿಂತು ನುಡಿಸಲು ಹೋದೆ, ಪಟ್ಟಿ ಉದ್ದ ಬಿಟ್ಟಿದ್ದೆ, ಬೇಸ್ ಸೊಂಟಕ್ಕಿಂತ ಕೆಳಗೆ ತೂಗುತ್ತಿತ್ತು. ಅಷ್ಟು ಕೆಳಗಿದ್ದರೆ ಮೊದಲ ಫ್ರೆಟ್‌ಗಳನ್ನು ಹಿಡಿಯಲು ಮಣಿಕಟ್ಟನ್ನು ತೀರಾ ಬಗ್ಗಿಸಬೇಕು. ಜೊತೆಗೆ ನಾನು ಎಲ್ಲಾ ಕಡೆ ಫ್ರೆಟ್‌ಗೊಂದು ಬೆರಳು ಇಡುತ್ತಿದ್ದೆ. ನುಡಿಯುವ ತಂತಿಯ ಉದ್ದ 34 ಇಂಚು ಇರುವ ಬೇಸ್‌ನಲ್ಲಿ ಒಂದನೇ ಫ್ರೆಟ್‌ನಿಂದ ನಾಲ್ಕನೇ ಫ್ರೆಟ್‌ಗೆ 13 ಸೆಂಟಿಮೀಟರ್ ದೂರ. ನನ್ನ ಕೈಗೆ ಅದು ಜಾಸ್ತಿ. ದೊಡ್ಡ ಡಬಲ್ ಬೇಸ್ ನುಡಿಸುವವರು ಸಿಮಾಂಡ್ಲ್ ಪದ್ಧತಿ ಅಂತ ಒಂದು ಬಳಸುತ್ತಾರೆ, ತೋರುಬೆರಳು, ನಡುಬೆರಳು, ಕಿರುಬೆರಳು, ಉಂಗುರದ ಬೆರಳು ಕಿರುಬೆರಳಿಗೆ ಆಸರೆ. ಕೈ ಮೂರೇ ಫ್ರೆಟ್ ಹರಡಿಕೊಳ್ಳುತ್ತದೆ, ನಾಲ್ಕನೆಯದು ಬೇಕಾದರೆ ಇಡೀ ಕೈ ಸರಿಯುತ್ತದೆ. ಐದನೇ ಫ್ರೆಟ್ ತನಕ ಹೀಗೆ, ಅದರಾಚೆ ಫ್ರೆಟ್‌ಗೊಂದು ಬೆರಳು, ಅಂತ ಬದಲಾಯಿಸಿಕೊಂಡೆ. ಕೂತಾಗ ಬೇಸ್ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಇರುವ ಹಾಗೆ ಪಟ್ಟಿ ಗಿಡ್ಡ ಮಾಡಿದೆ. ನಾಲ್ಕು ಕೆಜಿ ತೂಕ ಎರಡು ಗಂಟೆ ಒಂದೇ ಭುಜದ ಮೇಲೆ ಇರುತ್ತದೆ, ಪಟ್ಟಿ ಅಗಲವಾಗಿರಲಿ. ಎಂಟು ದಿನ ಪೂರ್ತಿ ಬಿಡುವು ಕೊಟ್ಟ ಮೇಲೆ ನೋವು ಹೋಯಿತು. ಆ ಎಂಟು ದಿನ ಎಷ್ಟು ತಳಮಳ ಆಯಿತು ಅಂದರೆ ರಾತ್ರಿ ಎದ್ದು ದಿನ ಎಣಿಸುತ್ತಿದ್ದೆ. ಆದರೂ ಹೇಳುತ್ತೇನೆ, ನೋವಿದ್ದರೆ ನುಡಿಸಬೇಡಿ. ಬೆರಳ ತುದಿಯ ಗುಳ್ಳೆ ಬೇರೆ, ಅದು ಗಟ್ಟಿಯಾಗುತ್ತದೆ. ಮಣಿಕಟ್ಟಿನ ನೋವು, ಬೆರಳು ಜುಮ್ಮೆನ್ನುವುದು ಬೇರೆ, ಅದು ಹೋಗದಿದ್ದರೆ ಡಾಕ್ಟರ್‌ಗೆ ತೋರಿಸಲೇಬೇಕು.

ಎಂಟನೇ ವಾರ ಹಾಡುವವರು ಬಂದು ಎರಡು ಹಾಡನ್ನು ಇ ಶ್ರುತಿಯಿಂದ ಡಿ ಶ್ರುತಿಗೆ ಇಳಿಸಿದರು. ಗಿಟಾರ್‌ನವರಿಗೆ ಅದು ಅರ್ಧ ನಿಮಿಷದ ಕೆಲಸ. ನನಗೆ ಕೆಳಗಿನ ಡಿ ಎಲ್ಲಿಂದ ಬರಬೇಕು, ನಾಲ್ಕು ತಂತಿಯ ಬೇಸ್‌ನಲ್ಲಿ ಇ ಗಿಂತ ಕೆಳಗೆ ಏನೂ ಇಲ್ಲ. ಐದು ತಂತಿಯ ಬೇಸ್ ಕೊಳ್ಳುವ ಯೋಚನೆ ಬಂತು, ಐದು ವಾರದಲ್ಲಿ ಅದಕ್ಕೆ ಕೈ ಒಗ್ಗುವುದಿಲ್ಲ ಅಂತ ಬಿಟ್ಟೆ. ಒಂದು ಹಾಡನ್ನು ಒಂದು ಸ್ಥಾಯಿ ಮೇಲೆ ನುಡಿಸಿದೆ, ಚೆನ್ನಾಗೇ ಬಂತು. ಇನ್ನೊಂದಕ್ಕೆ ತೂಕ ಬೇಕೇ ಬೇಕಿತ್ತು. ಅದಕ್ಕೆ ಇ ತಂತಿಯನ್ನೇ ಡಿ ಗೆ ಇಳಿಸಿದೆ. ಹಾಗೆ ಮಾಡಿದರೆ ಆ ತಂತಿಯ ಮೇಲಿನ ಎಲ್ಲಾ ಸ್ವರ ಎರಡು ಫ್ರೆಟ್ ಮುಂದಕ್ಕೆ ಹೋಗುತ್ತವೆ, ಮೂರನೇ ಫ್ರೆಟ್‌ನಲ್ಲಿದ್ದ ಜಿ ಈಗ ಐದರಲ್ಲಿ. ಆ ಒಂದು ಹಾಡಿನ ಬೆರಳುಗಾರಿಕೆಯನ್ನು ಮೊದಲಿಂದ ಕಲಿತೆ. ಹಾಡಿನ ಪಟ್ಟಿಯಲ್ಲಿ ಅದರ ಹಿಂದೆ ಮುಂದೆ ಹಾಡುವವರು ಜನರ ಜೊತೆ ಮಾತಾಡುವ ಜಾಗ ಬರುವ ಹಾಗೆ ಇಡಿಸಿದೆ, ಶ್ರುತಿ ಬದಲಾಯಿಸಲು ಸಮಯ ಸಿಗಲಿ ಅಂತ. ಹಾಡಿನ ಪಟ್ಟಿ ಬರೆಯುವಾಗ ಬೇಸ್ ನುಡಿಸುವವರು ಪಕ್ಕದಲ್ಲಿ ಕೂತಿರಬೇಕು.

ಕಾಗದದ ವಿಷಯ ಬಂತಲ್ಲ, ಶೋ ನಡೆಸುವವರು ಮೂರು ವಾರ ಮೊದಲು ನಮ್ಮಿಂದ ಎರಡು ಹಾಳೆ ಕೇಳಿದರು. ಸ್ಟೇಜ್ ಪ್ಲಾಟ್, ಇನ್‌ಪುಟ್ ಲಿಸ್ಟ್. ನಮ್ಮಲ್ಲಿ ಯಾರೂ ಬರೆದಿರಲಿಲ್ಲ. ಮೊದಲನೆಯದು ಯಾರು ಎಲ್ಲಿ ನಿಲ್ಲುತ್ತಾರೆ, ಕರೆಂಟ್ ಎಲ್ಲಿ ಬೇಕು, ಮಾನಿಟರ್ (ನುಡಿಸುವವರಿಗೆ ಕೇಳಲು ಇಡುವ ಸ್ಪೀಕರ್) ಎಲ್ಲಿ ಅನ್ನುವ ಸರಳ ಚಿತ್ರ. ಎರಡನೆಯದು, ಎಲ್ಲರ ಸದ್ದನ್ನು ಸೇರಿಸುವ ಮಿಕ್ಸರ್‌ಗೆ ಹೋಗುವ ಪ್ರತಿ ಲೈನಿನ ಪಟ್ಟಿ. ಬೇಸ್‌ಗೆ ಒಂದೇ ಸಾಲು: ಬೇಸ್, ಡಿಐ, ಒಂದು ಚಾನೆಲ್. ಕೈಯಲ್ಲಿ ಬರೆದು ಫೋಟೋ ಕಳಿಸಿದರೂ ನಡೆಯುತ್ತದೆ, ಕಳಿಸದಿದ್ದರೆ ಅವತ್ತು ನಿಮಗೆ ಲೈನೇ ಇರುವುದಿಲ್ಲ.

ಆಂಪ್ ಬಗ್ಗೆ ನನಗೆ ಬಹಳ ತಪ್ಪು ತಿಳಿವಳಿಕೆ ಇತ್ತು. ನನ್ನ 40 ವ್ಯಾಟ್ ಆಂಪ್ ಸಾಲದು, ದೊಡ್ಡದು ಬೇಕು ಅಂತ ಸಾಲ ಮಾಡಲು ಹೊರಟಿದ್ದೆ. ವ್ಯಾಟ್ ಎರಡರಷ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತರಷ್ಟು ಪವರ್. ಆದರೆ ಶೋದಲ್ಲಿ ಜನರಿಗೆ ಕೇಳುವುದು ನಮ್ಮ ಆಂಪ್ ಅಲ್ಲ, ಹಾಲಿನ ದೊಡ್ಡ ಸ್ಪೀಕರ್. ಬೇಸ್‌ನಿಂದ ಡಿಐ ಬಾಕ್ಸ್‌ಗೆ, ಅಲ್ಲಿಂದ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಮಿಕ್ಸರ್‌ಗೆ. ಆಂಪ್ ಇರುವುದು ನಮಗೆ ಮತ್ತು ಡ್ರಮ್ಸ್‌ನವರಿಗೆ ಕೇಳಲು. ಹಾಗಾಗಿ ಪರಿಚಯದವರೊಬ್ಬರಿಂದ ಒಂದು ಹೆಡ್ (ಸ್ಪೀಕರ್ ಇಲ್ಲದ ಆಂಪ್), ಒಂದು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಎರವಲು ತಂದೆ. ಎರವಲು ತರುವವರು ಎರಡು ವಿಷಯ ನೋಡಿಕೊಳ್ಳಿ. 8 ಓಮ್‌ನ ಎರಡು ಕ್ಯಾಬಿನೆಟ್ ಒಟ್ಟಿಗೆ ಸೇರಿಸಿದರೆ 4 ಓಮ್ ಆಗುತ್ತದೆ, ಆಂಪ್ ಹಿಂದೆ ಬರೆದ ಕನಿಷ್ಠ ಓಮ್‌ಗಿಂತ ಕೆಳಗೆ ಹೋಗಬಾರದು. ಹೆಡ್‌ನಿಂದ ಕ್ಯಾಬಿನೆಟ್‌ಗೆ ಸ್ಪೀಕರ್ ಕೇಬಲ್ಲೇ ಬೇಕು, ಗಿಟಾರ್ ಕೇಬಲ್ ನೋಡಲು ಒಂದೇ ಥರ ಇದ್ದರೂ ಅದರ ತಂತಿ ತೆಳ್ಳಗೆ, ಬಿಸಿಯಾಗಿ ಕೆಡುತ್ತದೆ, ಆಂಪ್ ಅನ್ನೂ ಕೆಡಿಸಬಹುದು.

ಹನ್ನೊಂದನೇ ವಾರದ ರಿಹರ್ಸಲ್‌ನಲ್ಲಿ ಹಾಡಿನ ನಡುವೆ ನನ್ನ ಸದ್ದು ಒಡೆಯಲು ಶುರುವಾಗಿ, ಸಣ್ಣಗಾಗಿ, ನಿಂತೇಹೋಯಿತು. ಬ್ಯಾಟರಿ. ಬೇಸ್‌ಗೆ ಕೇಬಲ್ ಚುಚ್ಚಿದ ಕ್ಷಣದಿಂದ ಬ್ಯಾಟರಿ ಖರ್ಚಾಗುತ್ತಿರುತ್ತದೆ, ನುಡಿಸಿದರೂ ನುಡಿಸದಿದ್ದರೂ. ನಾನು ವಾರವಿಡೀ ಚುಚ್ಚಿಯೇ ಬಿಟ್ಟಿದ್ದೆ. ಶೋ ದಿನ ಹೊಸದು ಹಾಕಿ, ಇನ್ನೊಂದು ಜೇಬಿನಲ್ಲಿರಲಿ, ಬಿಚ್ಚುವ ಸ್ಕ್ರೂಡ್ರೈವರ್ ಕೂಡ.

ಇನ್ನು ಆ ಶನಿವಾರ. ಮೂರು ಗಂಟೆಗೆ ಬನ್ನಿ ಅಂದಿದ್ದರು. ಹೋದೆವು. ನಮ್ಮ ಸೌಂಡ್‌ಚೆಕ್ ಆಗಿದ್ದು ಏಳಕ್ಕೆ. ನಾಲ್ಕು ಗಂಟೆ ಹಿಂದಿನ ಕೋಣೆಯಲ್ಲಿ ಕಾಯುವುದು. ಕೈ ತಣ್ಣಗಾಗಿಬಿಟ್ಟಿತ್ತು. ಆಂಪ್‌ಗೆ ಹಾಕದೆಯೇ ಬೇಸ್ ತೊಡೆ ಮೇಲಿಟ್ಟು, ಅದೇ ಒಂದು ಸ್ವರ, ಮೀಟುವುದು ನಿಲ್ಲಿಸುವುದು, ಇದನ್ನೇ ಮಾಡುತ್ತಿದ್ದೆ. ಗಾಬರಿ ಸ್ವಲ್ಪ ಇಳಿಯಿತು. ಕಾಯುವುದು ಇದ್ದೇ ಇರುತ್ತದೆ, ಬಿಸಿ ನೀರು, ಒಂದು ಹಳೇ ಶಾಲು ತಗೊಂಡು ಹೋಗಿ, ಬೆರಳು ಬೆಚ್ಚಗಿರಬೇಕು.

ಸೌಂಡ್‌ಚೆಕ್‌ಗೆ ಸಿಕ್ಕಿದ್ದು ಆರು ನಿಮಿಷ. ಲೈನ್ ಹಾಕಿದ ಕೂಡಲೇ ಗೊಂಯ್ ಅಂತ ಹಮ್. ಆಂಪ್ ಒಂದು ಕಡೆಯಿಂದ, ಮಿಕ್ಸರ್ ಇನ್ನೊಂದು ಕಡೆಯಿಂದ ಅರ್ಥ್ ಆಗಿ ಸುತ್ತು ಆಗಿಬಿಟ್ಟಿತ್ತು. ಸೌಂಡ್ ನೋಡಿಕೊಳ್ಳುವವರು ಬಂದು ಡಿಐ ಬಾಕ್ಸ್ ಮೇಲಿನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರು, ಬಹುಪಾಲು ಹಮ್ ಹೋಯಿತು. ಸ್ವಲ್ಪ ಉಳಿದಿತ್ತು. "ಎರಡೂ ಪಿಕಪ್ ಪೂರ್ತಿ ಏರಿಸಿ ಸರ್" ಅಂದರು. ಏರಿಸಿದೆ, ಅದೂ ಹೋಯಿತು. ಇಂಥ ಬೇಸ್‌ನಲ್ಲಿ ಎರಡು ಪಿಕಪ್ ಸಮ ಇದ್ದಾಗ ಒಂದರ ಹಮ್ ಇನ್ನೊಂದರದ್ದನ್ನು ಕಳೆದುಹಾಕುತ್ತದೆ. ಒಂದು ಎಚ್ಚರಿಕೆ: ಹಮ್ ಹೋಗಲಿ ಅಂತ ಆಂಪ್‌ನ ಪ್ಲಗ್‌ನ ಅರ್ಥ್ ಪಿನ್ ತೆಗೆಯುವವರಿದ್ದಾರೆ. ಪ್ರಾಣ ಹೋಗುತ್ತದೆ, ಯಾರು ಹೇಳಿದರೂ ಮಾಡಬೇಡಿ.

ವೇದಿಕೆಯ ಮೇಲೆ ನಾನು ನಿಂತ ಜಾಗದಲ್ಲಿ ಎ ಸ್ವರ ಸಿಡಿಲಿನ ಹಾಗೆ ಕೇಳುತ್ತಿತ್ತು, ಡಿ ಕೇಳುತ್ತಲೇ ಇರಲಿಲ್ಲ. ಮೊದಲಾಗಿದ್ದರೆ ನಾಬ್ ತಿರುಗಿಸುತ್ತಿದ್ದೆ. ಅಷ್ಟು ತಗ್ಗಿನ ಸ್ವರದ ಅಲೆ ಬಹಳ ಉದ್ದ, 55 ಹರ್ಟ್ಸ್‌ನದ್ದು ಆರು ಮೀಟರ್‌ಗಿಂತ ಜಾಸ್ತಿ. ಗೋಡೆಗೆ ಬಡಿದು ವಾಪಸ್ ಬಂದು ಒಂದು ಕಡೆ ರಾಶಿ ಬೀಳುತ್ತದೆ, ಇನ್ನೊಂದು ಕಡೆ ಖಾಲಿ ಬಿಡುತ್ತದೆ. ಎರಡು ಹೆಜ್ಜೆ ಡ್ರಮ್ಸ್ ಕಡೆಗೆ ಸರಿದು ನಿಂತೆ, ಸಮ ಆಯಿತು. ಆ ಜಾಗಕ್ಕೆ ಟೇಪ್ ಅಂಟಿಸಿದೆ. ಅಲ್ಲಿಂದ ಕಿಕ್ ಡ್ರಮ್‌ನ (ಕಾಲಲ್ಲಿ ತುಳಿದು ನುಡಿಸುವ ದೊಡ್ಡ ಡ್ರಮ್) ಹೊಡೆತ ಕಾಲಿಗೇ ತಾಗುತ್ತಿತ್ತು, ಅದು ಇಡೀ ರಾತ್ರಿ ನನ್ನನ್ನು ಕಾಪಾಡಿತು. ಕಿವಿಗೆ ಸಂಗೀತಗಾರರ ಇಯರ್‌ಪ್ಲಗ್ ಹಾಕಿಕೊಂಡೆ. 85 ಡೆಸಿಬೆಲ್ ಎಂಟು ಗಂಟೆ ತಡೆಯಬಹುದಾದರೆ, ಪ್ರತಿ 3 ಡೆಸಿಬೆಲ್‌ಗೆ ಆ ಸಮಯ ಅರ್ಧ ಆಗುತ್ತಾ ಹೋಗಿ 100 ಡೆಸಿಬೆಲ್‌ಗೆ ಹದಿನೈದೇ ನಿಮಿಷ. ಡ್ರಮ್ಸ್ ಪಕ್ಕ ಅಷ್ಟು ಸುಲಭವಾಗಿ ದಾಟುತ್ತದೆ. ಪ್ಲಗ್ ಹಾಕಿ ರಿಹರ್ಸಲ್ ಮಾಡಿರಿ, ಶೋ ದಿನವೇ ಮೊದಲ ಸಲ ಹಾಕಿದರೆ ಎಲ್ಲ ದೂರದಲ್ಲಿ ನಡೆಯುತ್ತಿರುವ ಹಾಗೆ ಅನಿಸುತ್ತದೆ.

ಮೊದಲ ಹಾಡು ಹೇಗಾಯಿತು ಅಂತ ನೆನಪಿಲ್ಲ. ಮೂರನೆಯದನ್ನು ಎಲ್ಲರೂ ಓಡಿಸಿದೆವು, ನಾನೂ ಸೇರಿ. ಐದನೆಯದರ ಕೊನೆಗೆ ಬೇಸ್‌ನ ತಲೆ ಮೈಕ್ ಸ್ಟ್ಯಾಂಡ್‌ಗೆ ಬಡಿದು ಜಿ ತಂತಿಯ ಶ್ರುತಿ ಹೋಯಿತು. ಪೆಡಲ್ ಟ್ಯೂನರ್ ತುಳಿದರೆ ಸದ್ದು ಹೊರಗೆ ಹೋಗುವುದಿಲ್ಲ, ಹತ್ತು ಸೆಕೆಂಡ್‌ನಲ್ಲಿ ಸರಿ ಮಾಡಿದೆ, ಯಾರಿಗೂ ಗೊತ್ತಾಗಲಿಲ್ಲ. ಒಂಬತ್ತನೆಯದರಲ್ಲಿ ಎಲ್ಲಿದ್ದೇವೆ ಅನ್ನುವುದೇ ತಪ್ಪಿತು. ಎಡಗೈ ಒತ್ತಡ ಬಿಟ್ಟು, ಸುಮ್ಮನಾಗಿ, ಕಿಕ್ ಕೇಳಿದೆ. ಎರಡು ಆವರ್ತ ಏನೂ ನುಡಿಸಲಿಲ್ಲ. ಮುಂದಿನ ಸಮಕ್ಕೆ ಗೆಳೆಯ ತಲೆ ಆಡಿಸಿದ, ಅಲ್ಲಿಂದ ಹಿಡಿದೆ. ತಪ್ಪು ಸ್ವರ ಹುಡುಕುತ್ತಾ ನುಡಿಸುವುದಕ್ಕಿಂತ ಸುಮ್ಮನಿರುವುದು ಎಷ್ಟೋ ವಾಸಿ.

ಹನ್ನೊಂದನೇ ಹಾಡಿನಲ್ಲಿ ನಡುವೆ ನಾಲ್ಕು ಆವರ್ತ ಬೇಸ್ ಇಲ್ಲ, ಬರೀ ಹಾಡು ಮತ್ತು ಗಿಟಾರ್. ಆ ನಾಲ್ಕು ಆವರ್ತ ನಾನು ಜನರನ್ನು ನೋಡಿದೆ. ನಿಂತಲ್ಲೇ ನಿಂತಿದ್ದರು. ಐದನೆಯದಕ್ಕೆ ಕಿಕ್ ಜೊತೆ ಒಂದೇ ಒಂದು ಇ ಮೀಟಿ, ಸ್ನೇರ್‌ಗೆ ಸರಿಯಾಗಿ ನಿಲ್ಲಿಸಿದೆ. ಮುಂದಿನ ಸಾಲಿನಲ್ಲಿ ಭುಜಗಳು ಅಲುಗಿದವು. ನನ್ನ ಕಡೆ ಯಾರೂ ನೋಡುತ್ತಿರಲಿಲ್ಲ, ಎಲ್ಲರ ಕಣ್ಣು ಹಾಡುವವರ ಮೇಲೆ. ನನಗೆ ಕಣ್ಣಲ್ಲಿ ನೀರು ಬಂತು.

ಮುಗಿದ ಮೇಲೆ ಇಪ್ಪತ್ತು ನಿಮಿಷದಲ್ಲಿ ವೇದಿಕೆ ಖಾಲಿ ಮಾಡಬೇಕಿತ್ತು. ಮೊದಲು ಬೇಸ್‌ನಿಂದ ಕೇಬಲ್ ಕಿತ್ತೆ. ನಮ್ಮ ಕೇಬಲ್‌ಗಳಿಗೆಲ್ಲ ಕೆಂಪು ಟೇಪ್ ಸುತ್ತಿದ್ದೆವು, ಇಲ್ಲದಿದ್ದರೆ ಬೇರೆ ಬ್ಯಾಂಡಿನ ಕೇಬಲ್ ಜೊತೆ ಕಲೆತುಹೋಗುತ್ತಿತ್ತು, ನೀವೂ ಸುತ್ತಿ. ಕ್ಯಾಬಿನೆಟ್ ಅನ್ನು ಗೆಳೆಯನೂ ನಾನೂ ಹಿಡಿದು ಮೆಟ್ಟಿಲು ಇಳಿಸುವಾಗ ಅವನು, "ಆ ಹನ್ನೊಂದನೇದು ಕೇಳ್ತಾ ಇದ್ನಲ್ಲ, ಚೆನ್ನಾಗಿ ನಿಲ್ಲಿಸಿದೆ" ಅಂದ. ಮುಂದಿನ ಶೋ ಐದು ವಾರಕ್ಕೆ. ಮೂರನೇ ಹಾಡಿಗೆ ನಾಳೆಯಿಂದ ಮತ್ತೆ ಮೆಟ್ರೊನೋಮ್.